ಎರಡು ಪತ್ರಿಕೆ, ಒಂದೇ ಅಕ್ಷರದೋಷ

ನಮ್ಮ ಬೀದಿಯ ತುದಿಯ ಮನೆಯಲ್ಲಿರುವ ನಿವೃತ್ತ ಕನ್ನಡ ಪಂಡಿತರು, ಐವತ್ತು ವರ್ಷಕ್ಕೂ ಮಿಕ್ಕ ಕಾಲದಿಂದ ಒಂದು ದಿನವೂ ತಪ್ಪದೆ ತರಿಸಿಕೊಂಡು ಓದುತ್ತಿದ್ದ ದಿನಪತ್ರಿಕೆಯನ್ನು, ಕಳೆದ ವಿಧಾನಸಭಾ ಚುನಾವಣೆಯ ಫಲಿತಾಂಶ ಬಂದು ಇನ್ನೂ ಒಂದು ತಿಂಗಳಾಗುವ ಮೊದಲೇ ನಿಲ್ಲಿಸಿಬಿಟ್ಟರು. ತಿಂಗಳ ಹಣಕ್ಕೆಂದು ಬಂದ ಪೇಪರ್ ಹುಡುಗನಿಗೆ ಬಾಕಿಯನ್ನೆಲ್ಲ ಎಣಿಸಿ ಕೊಟ್ಟು, “ನಾಳೆಯಿಂದ ಹಾಕಬೇಡಪ್ಪ” ಎಂದಷ್ಟೇ ಹೇಳಿ ಒಳಗೆ ಹೋದರಂತೆ. ಕಣ್ಣಿನ ದೋಷವೋ, ಮೈಯಲ್ಲಿ ಅಸ್ವಾಸ್ಥ್ಯವೋ ಎಂದು ಶಂಕಿಸಿ ನಾನು ವಿಚಾರಿಸಲು ಹೋದಾಗ, ಅವರು ಮಾತಿಲ್ಲದೆ ಎದ್ದು, ಕಪಾಟಿನಿಂದ ಎರಡು ಪತ್ರಿಕೆಗಳನ್ನು ತಂದು ನನ್ನ ಮುಂದೆ ಹರಡಿದರು. ಒಂದು ಅವರ ಮನೆಗೆ ಬರುತ್ತಿದ್ದುದು. ಇನ್ನೊಂದು ಅದೇ ಊರಿನಲ್ಲಿರುವ ಅವರ ಮಗಳ ಮನೆಗೆ ಬರುವುದು. ಒಡೆತನ ಬೇರೆ, ಸಂಪಾದಕರು ಬೇರೆ, ಮಾರಾಟದಲ್ಲಿ ಒಂದಕ್ಕೊಂದು ಪೈಪೋಟಿ. ಮತದಾನಕ್ಕೆ ಕೆಲವೇ ದಿನಗಳಿದ್ದಾಗ ಎರಡರಲ್ಲಿಯೂ ನಮ್ಮ ಕ್ಷೇತ್ರದ ಅಭ್ಯರ್ಥಿಯೊಬ್ಬರ ಜನಸೇವೆಯನ್ನು ವರ್ಣಿಸುವ ಅರ್ಧ ಪುಟದ ಬರಹ ಪ್ರಕಟವಾಗಿತ್ತು. ಒಂದರಲ್ಲಿ ವಿಶೇಷ ಪ್ರತಿನಿಧಿಯದೆಂದೂ ಮತ್ತೊಂದರಲ್ಲಿ ಲೇಖಕರೊಬ್ಬರದೆಂದೂ ಅಚ್ಚಾಗಿದ್ದ ಆ ಬರಹಗಳು ಮೊದಲ ಪದದಿಂದ ಕೊನೆಯ ಪೂರ್ಣವಿರಾಮದವರೆಗೆ ಒಂದೇ ಆಗಿದ್ದವು. ಪಂಡಿತರ ಬೆರಳು ಹೋಗಿ ನಿಂತದ್ದು ಮೂರನೆಯ ಸಾಲಿನ ಮೇಲೆ. ಎರಡರಲ್ಲಿಯೂ ಅಲ್ಲಿ “ಪ್ರಭುದ್ಧ ನಾಯಕ” ಎಂದಿತ್ತು. ‘ಪ್ರಬುದ್ಧ’ ಎಂದು ಅಲ್ಪಪ್ರಾಣವಿರಬೇಕಾದ ಎಡೆಯಲ್ಲಿ ಮಹಾಪ್ರಾಣವು ಬಂದು ಕುಳಿತಿತ್ತು.

“ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವನು ನಾನು” ಎಂದರು ಪಂಡಿತರು. “ಒಬ್ಬನದನ್ನು ನೋಡಿ ಇನ್ನೊಬ್ಬ ಬರೆದದ್ದು ಸರಿಯುತ್ತರದಿಂದ ಗೊತ್ತಾಗುವುದಿಲ್ಲ, ತಪ್ಪಿನಿಂದ ಗೊತ್ತಾಗುತ್ತದೆ. ಇವರಿಬ್ಬರೂ ಒಬ್ಬರದನ್ನೊಬ್ಬರು ನೋಡಿಯೂ ಬರೆದಿಲ್ಲ. ಇಬ್ಬರಿಗೂ ಬರೆದು ಕೊಟ್ಟವನು ಬೇರೆ ಇದ್ದಾನೆ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಚ್ಚಾದ ಮಾತೆಂದರೆ ಸಾಕ್ಷಿ ನುಡಿದ ಮಾತು ಎಂದು ತಿಳಿದುಕೊಂಡಿದ್ದೆ. ಇನ್ನು ಯಾರನ್ನು ನಂಬುವುದು? ಅವರೂ ಅಷ್ಟೆ, ಇವರೂ ಅಷ್ಟೆ” ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನು ಅಷ್ಟು ವ್ಯಥೆಪಡುತ್ತಿರಲಿಲ್ಲ.

ಈ ವ್ಯವಹಾರಕ್ಕೆ ನಮ್ಮ ಪತ್ರಿಕಾಲೋಕದಲ್ಲಿ ‘ಕಾಸಿಗಾಗಿ ಸುದ್ದಿ’ ಎಂಬ ಹೆಸರು ಬಳಕೆಯಲ್ಲಿದೆ. ವರದಿಗಾರರ ನಡುವೆ ‘ಪೇಯ್ಡ್ ನ್ಯೂಸ್’ ಎಂದರೂ, ಬರಿದೆ ‘ಪ್ಯಾಕೇಜ್’ ಎಂದರೂ ಅರ್ಥವಾಗುವುದು. ಜಾಹೀರಾತಿಗೂ ಇದಕ್ಕೂ ಇರುವ ಅಂತರವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಜಾಹೀರಾತು ಎಷ್ಟೇ ಅತಿಶಯೋಕ್ತಿಯಿಂದ ತುಂಬಿದ್ದರೂ, ಮಾತನಾಡುತ್ತಿರುವವನು ಇಂಥವನು, ಅವನ ಪ್ರಯೋಜನ ಇಂಥದು ಎಂಬುದು ಓದುಗನಿಗೆ ಗೋಚರವಾಗಿಯೇ ಇರುತ್ತದೆ. ಆದುದರಿಂದ ಅವನು ಅದನ್ನು ತಕ್ಕಡಿಯಲ್ಲಿಟ್ಟು ತೂಗಿಯೇ ಸ್ವೀಕರಿಸುವನು. ಅದೇ ಮಾತು ಸುದ್ದಿಯ ವೇಷದಲ್ಲಿ ಬಂದಾಗ, ಮಾತನಾಡುತ್ತಿರುವುದು ಯಾವ ಪಕ್ಷಕ್ಕೂ ಸೇರದ ಒಬ್ಬ ಮೂರನೆಯವನೆಂದು ನಂಬಿ ಓದುಗನು ತಕ್ಕಡಿಯನ್ನು ಬದಿಗಿಡುತ್ತಾನೆ. ಇಲ್ಲಿ ಮಾರಾಟವಾದದ್ದು ಪುಟದ ಜಾಗವಲ್ಲ, ಓದುಗನ ವಿಶ್ವಾಸ. ಮಾರಿದವರಿಗೆ ಅದು ಸ್ವಂತದ್ದೂ ಆಗಿರಲಿಲ್ಲ.

ಪಂಡಿತರು ಕಂಡುಹಿಡಿದುದನ್ನು ಹೋಲುವ ಪ್ರಸಂಗವೊಂದು 2009ರಲ್ಲಿ ಮಹಾರಾಷ್ಟ್ರದಲ್ಲಿ ನಡೆಯಿತು. ಆಗ ಮುಖ್ಯಮಂತ್ರಿಗಳಾಗಿದ್ದ ಅಶೋಕ ಚವಾಣರು ಭೋಕರ್ ಕ್ಷೇತ್ರದಿಂದ ಸ್ಪರ್ಧಿಸಿದ್ದರು. ಚುನಾವಣೆಯ ದಿನಗಳಲ್ಲಿ, ಪರಸ್ಪರ ಪ್ರತಿಸ್ಪರ್ಧಿಗಳಾದ ಮೂರು ಮರಾಠಿ ದಿನಪತ್ರಿಕೆಗಳು ಅವರ ನಾಯಕತ್ವವನ್ನು ಕೊಂಡಾಡುವ ಲೇಖನವೊಂದನ್ನು ಬೇರೆ ಬೇರೆ ಹೆಸರುಗಳಲ್ಲಿ, ಆದರೆ ಪದಶಃ ಒಂದೇ ಬಗೆಯಾಗಿ ಮುದ್ರಿಸಿದವು. ಅದಲ್ಲದೆ ಅವರ ಸಾಧನೆಗಳಿಗೆ ಮೀಸಲಾದ ಬಣ್ಣದ ಪುರವಣಿಯ ಪುಟಗಳೂ ಹೊರಬಿದ್ದವು. ‘ದಿ ಹಿಂದೂ’ ಪತ್ರಿಕೆಯ ಪಿ. ಸಾಯಿನಾಥರು ಈ ಪುಟಗಳನ್ನೆಲ್ಲ ಕಲೆಹಾಕಿ, ಅಭ್ಯರ್ಥಿಯು ಕೊಟ್ಟ ಲೆಕ್ಕದೊಡನೆ ಹೋಲಿಸಿ ನೋಡಿದರು. ಪತ್ರಿಕೆ ಮತ್ತು ಕೇಬಲ್ ಟಿ.ವಿ. ಜಾಹೀರಾತುಗಳಿಗಾಗಿ ಚವಾಣರು ತೋರಿಸಿದ್ದ ವೆಚ್ಚ 11,379 ರೂಪಾಯಿ. ಅದರಲ್ಲಿ ಪತ್ರಿಕೆಗಳ ಪಾಲು 5,379. ಪ್ರತಿಸ್ಪರ್ಧಿಯ ದೂರು ಚುನಾವಣಾ ಆಯೋಗಕ್ಕೆ ಹೋಯಿತು. ಇಂಥ ಲೆಕ್ಕದ ಸತ್ಯಾಸತ್ಯತೆಯನ್ನು ವಿಚಾರಿಸುವ ಅಧಿಕಾರವೇ ಆಯೋಗಕ್ಕಿಲ್ಲವೆಂಬ ವಾದ ಸುಪ್ರೀಂ ಕೋರ್ಟಿನವರೆಗೂ ನಡೆದು, ಅಧಿಕಾರವುಂಟೆಂದು 2014ರ ಮೇ ತಿಂಗಳಲ್ಲಿ ನಿರ್ಣಯವಾಯಿತು. ಆಯೋಗವು ಚವಾಣರ ವಿರುದ್ಧವಾಗಿ ಆದೇಶವಿತ್ತಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ದಿಲ್ಲಿಯ ಹೈಕೋರ್ಟು ಆ ಆದೇಶವನ್ನು ತಳ್ಳಿಹಾಕಿತು. ಆ ಬರಹಗಳಿಗಾಗಿ ತಾವು ಹಣ ಕೊಟ್ಟಿಲ್ಲವೆಂಬುದೇ ಅವರ ನಿಲುವಾಗಿತ್ತು, ನ್ಯಾಯಾಲಯದಲ್ಲಿ ಅವರು ಗೆದ್ದರು ಎಂಬುದನ್ನು ನ್ಯಾಯದೃಷ್ಟಿಯಿಂದ ಹೇಳಲೇಬೇಕು. ಮೂರು ಪತ್ರಿಕೆಗಳಿಗೆ ಒಂದೇ ಕಾಲದಲ್ಲಿ ಒಂದೇ ವಾಕ್ಯಗಳು ಹೇಗೆ ಹೊಳೆದವು ಎಂಬ ಪ್ರಶ್ನೆಗೆ ಮಾತ್ರ ಸಾಮಾನ್ಯ ಓದುಗನಿಗೆ ತೃಪ್ತಿಯಾಗುವ ಉತ್ತರ ಇಂದಿಗೂ ದೊರೆತಿಲ್ಲ.

ಶಿಕ್ಷೆಯವರೆಗೂ ಹೋದ ಪ್ರಸಂಗವು ಉತ್ತರಪ್ರದೇಶದ ಬಿಸೌಲಿ ಕ್ಷೇತ್ರದ್ದು. 2007ರ ಚುನಾವಣೆಯಲ್ಲಿ ಅಲ್ಲಿ ಗೆದ್ದ ಉಮ್ಲೇಶ್ ಯಾದವ್ ಅವರ ಪರವಾಗಿ ಎರಡು ಹಿಂದಿ ಪತ್ರಿಕೆಗಳಲ್ಲಿ ಮತದಾನದ ಹೊತ್ತಿಗೆ ಬಂದ ಬರಹಗಳನ್ನು ಕುರಿತು, ಸೋತ ಅಭ್ಯರ್ಥಿಯೊಬ್ಬರು ಭಾರತೀಯ ಪತ್ರಿಕಾ ಮಂಡಳಿಗೆ ದೂರಿತ್ತರು. ಅವು ಸುದ್ದಿಯ ರೂಪದ ಜಾಹೀರಾತುಗಳೆಂದು ಮಂಡಳಿ ಕಂಡುಕೊಂಡಿತು. ಆ ವೆಚ್ಚವು ಅಭ್ಯರ್ಥಿಯ ಲೆಕ್ಕದಲ್ಲಿ ಸೇರಿರಲಿಲ್ಲವಾದುದರಿಂದ 2011ರ ಅಕ್ಟೋಬರಿನಲ್ಲಿ ಚುನಾವಣಾ ಆಯೋಗವು ಆಕೆಯನ್ನು ಮೂರು ವರ್ಷಗಳ ಕಾಲ ಅನರ್ಹಗೊಳಿಸಿತು. ಹಾಲಿ ಶಾಸಕರೊಬ್ಬರು ಈ ಕಾರಣದಿಂದ ಸ್ಥಾನ ಕಳೆದುಕೊಂಡುದು ಅದೇ ಮೊದಲು. ಮುಚ್ಚಿಡಲಾದ ಮೊತ್ತವೋ, ಕೇವಲ 21,250 ರೂಪಾಯಿ.

ಇಷ್ಟು ಅಲ್ಪದ ಮೊತ್ತವನ್ನು ಮುಚ್ಚಿಡುವ ಆವಶ್ಯಕತೆಯಾದರೂ ಏನು ಎಂದು ಕೇಳಿದರೆ, ಈ ವ್ಯಾಪಾರದ ಮೂಲಕ್ಕೇ ಹೋಗಬೇಕಾಗುವುದು. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ಮೇರೆಗೆ ಪ್ರತಿಯೊಬ್ಬ ಅಭ್ಯರ್ಥಿಯ ಚುನಾವಣಾ ವೆಚ್ಚಕ್ಕೂ ಒಂದು ಮಿತಿಯುಂಟು. ಕರ್ನಾಟಕದಂಥ ದೊಡ್ಡ ರಾಜ್ಯಗಳಲ್ಲಿ ವಿಧಾನಸಭೆಗೆ ಈಗ ಅದು 40 ಲಕ್ಷ ರೂಪಾಯಿ, ಲೋಕಸಭೆಗೆ 95 ಲಕ್ಷ. ಪಕ್ಷಗಳು ಸ್ವತಃ ಮಾಡುವ ವೆಚ್ಚಕ್ಕೆ ಮಿತಿಯಿಲ್ಲ. ನಿಜವಾದ ಖರ್ಚು ಈ ಮಿತಿಯನ್ನು ಎಷ್ಟು ಪಟ್ಟು ಮೀರುತ್ತದೆಂಬುದು ಹಳ್ಳಿಯ ಚಹಾ ಅಂಗಡಿಯಲ್ಲಿ ಕುಳಿತವರಿಗೂ ತಿಳಿದಿರುವುದೇ ಆದರೂ, ಕಾಗದದ ಮೇಲೆ ಅದು ಕಾಣಿಸಿಕೊಳ್ಳಕೂಡದು. ಜಾಹೀರಾತು ಕೊಟ್ಟರೆ ರಸೀದಿ ಹುಟ್ಟುವುದು, ರಸೀದಿ ಹುಟ್ಟಿದರೆ ಲೆಕ್ಕ ಹುಟ್ಟುವುದು. ಸುದ್ದಿಯಾದರೆ ಎರಡೂ ಇಲ್ಲ. ಅತ್ತ ಹಣ ಪಡೆದ ಪತ್ರಿಕೆಯೂ ಆ ಆದಾಯವನ್ನು ಯಾವ ಪುಸ್ತಕದಲ್ಲಿಯೂ ಬರೆಯದೆ ಉಳಿಯಬಲ್ಲುದು. ಕೊಡುವವನಿಗೂ ಕೊಳ್ಳುವವನಿಗೂ ಮೌನವೇ ಲಾಭವಾಗುವ ವ್ಯಾಪಾರವು ತಾನಾಗಿ ನಿಲ್ಲುವುದನ್ನು ಲೋಕವು ಎಲ್ಲಿಯೂ ಕಂಡಿಲ್ಲ.

ಇದರಲ್ಲಿ ಅತ್ಯಂತ ಕೆಳಗೆ ನಿಂತಿರುವವನು ತಾಲ್ಲೂಕಿನ ಬಿಡಿ ಸುದ್ದಿಗಾರ. ಅವನಿಗೆ ಮಾಸಿಕ ಸಂಬಳವೆಂಬುದು ಅನೇಕ ಕಡೆ ಇಲ್ಲ. ಅಚ್ಚಾದ ವರದಿಯ ಲೆಕ್ಕದಲ್ಲಿ ದೊರೆಯುವ ಅಲ್ಪ ಸಂಭಾವನೆಗಿಂತ, ಅವನು ಸಂಪಾದಿಸಿ ಕಳುಹಿಸುವ ಜಾಹೀರಾತಿನ ಕಮಿಷನ್ನೇ ಅವನ ಜೀವನಾಧಾರ. ಬೆಳಗ್ಗೆ ಶಾಸಕರ ಕಾಮಗಾರಿಯ ಲೋಪವನ್ನು ವರದಿ ಮಾಡಬೇಕಾದವನೇ ಸಂಜೆ ಅದೇ ಶಾಸಕರ ಹುಟ್ಟುಹಬ್ಬದ ಜಾಹೀರಾತಿಗಾಗಿ ಅವರ ಮನೆಯ ಹೊರಗೆ ಕಾಯಬೇಕಾದ ಸ್ಥಿತಿಯಲ್ಲಿ, ಆ ಯುವಕನಿಂದ ನಾವು ನಿರೀಕ್ಷಿಸುವ ನಿರ್ಭೀತಿಯು ಎಷ್ಟು ದಿನ ಉಳಿದೀತು? ನೀತಿಭ್ರಷ್ಟನೆಂದು ಅವನನ್ನು ಹಳಿಯುವುದು ಸುಲಭ. ಆದರೆ ಅವನನ್ನು ಅಲ್ಲಿ ನಿಲ್ಲಿಸಿದವರು ರಾಜಧಾನಿಯಲ್ಲಿದ್ದಾರೆ.

ಓದುಗರಾದ ನಾವೂ ಈ ಲೆಕ್ಕದ ಹೊರಗಿಲ್ಲ. ನಾವು ಕೊಡುವ ಬೆಲೆಯಿಂದ ಪತ್ರಿಕೆಯೊಂದರ ಕಾಗದದ ಖರ್ಚೂ ಪೂರ್ತಿಯಾಗಿ ಹುಟ್ಟದೆ, ಉಳಿದುದನ್ನು ಜಾಹೀರಾತುದಾರನೂ ಸರ್ಕಾರವೂ ತುಂಬಿಕೊಡುವ ಪದ್ಧತಿ ಬೆಳೆದುಬಂದಿದೆ. ತುಂಬಿಕೊಡುವವನ ಮುಖವನ್ನು ನೋಡಿ ನಡೆಯುವುದು ಲೋಕರೂಢಿ. ಪಿ. ಲಂಕೇಶರು 1980ರಲ್ಲಿ ಆರಂಭಿಸಿದ ವಾರಪತ್ರಿಕೆಯು ಜಾಹೀರಾತುಗಳನ್ನೇ ತೆಗೆದುಕೊಳ್ಳದೆ, ಓದುಗರು ಕೊಟ್ಟ ಹಣದಿಂದಲೇ ವರ್ಷಗಟ್ಟಲೆ ಬಾಳಿತು ಮತ್ತು ಯಾವ ಪಕ್ಷದ ಸರ್ಕಾರಕ್ಕೂ ಮುಲಾಜು ತೋರಿಸಲಿಲ್ಲ ಎಂಬುದನ್ನು ನೆನೆದಾಗ, ಇವೆರಡಕ್ಕೂ ಇರುವ ಸಂಬಂಧ ಆಕಸ್ಮಿಕವಾದುದಲ್ಲವೆಂದು ನನಗೆ ತೋರುತ್ತದೆ.

ಪತ್ರಿಕೋದ್ಯಮವು ತನ್ನ ರೋಗವನ್ನು ತಾನೇ ಪರೀಕ್ಷಿಸಿಕೊಂಡ ಸಂದರ್ಭವೂ ಒಂದುಂಟು. ಅದರ ಕಥೆ ಆಶಾದಾಯಕವೂ ಹೌದು, ವಿಷಾದಕರವೂ ಹೌದು. 2009ರ ಚುನಾವಣೆಗಳ ಅನಂತರ ಪತ್ರಿಕಾ ಮಂಡಳಿಯು ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಎಂಬ ಇಬ್ಬರು ಪತ್ರಕರ್ತ ಸದಸ್ಯರ ಉಪಸಮಿತಿಯನ್ನು ನೇಮಿಸಿತು. ಅವರು ಊರೂರಿಗೆ ಹೋಗಿ, ಅಭ್ಯರ್ಥಿಗಳನ್ನೂ ವರದಿಗಾರರನ್ನೂ ಕಂಡು ಮಾತನಾಡಿ, ಪತ್ರಿಕೆಗಳ ಹೆಸರುಗಳನ್ನು ಮುಚ್ಚಿಡದೆ, 71 ಪುಟಗಳ ವರದಿಯನ್ನು 2010ರಲ್ಲಿ ಒಪ್ಪಿಸಿದರು. ಮಂಡಳಿಯಾದರೋ ಹೆಸರುಗಳಿದ್ದ ಭಾಗವನ್ನು ಬದಿಗಿರಿಸಿ, ಸಂಕ್ಷಿಪ್ತವಾದ ಬೇರೊಂದು ವರದಿಯನ್ನೇ ಅಂಗೀಕರಿಸಿತು. ಪೂರ್ಣ ವರದಿಯು ಸಾರ್ವಜನಿಕರ ಕಣ್ಣಿಗೆ ಬಿದ್ದುದು, ಕೇಂದ್ರ ಮಾಹಿತಿ ಆಯೋಗವು ಅದನ್ನು ಪ್ರಕಟಿಸಬೇಕೆಂದು ವಿಧಿಸಿದ ಮೇಲೆ, 2011ರಲ್ಲಿ. ಅಲ್ಲದೆ ಈ ಮಂಡಳಿಗೆ 1978ರ ಕಾಯಿದೆಯು ಕೊಟ್ಟಿರುವ ಅಧಿಕಾರವೆಂದರೆ ಎಚ್ಚರಿಸುವುದು, ಛೀಮಾರಿ ಹಾಕುವುದು, ಇಷ್ಟೆ. ದಂಡ ವಿಧಿಸುವ ಶಕ್ತಿ ಅದಕ್ಕಿಲ್ಲ, ಟೆಲಿವಿಷನ್ ವಾಹಿನಿಗಳು ಅದರ ವ್ಯಾಪ್ತಿಗೇ ಬರುವುದಿಲ್ಲ. ಕಾಸಿಗಾಗಿ ಸುದ್ದಿಯನ್ನು ಚುನಾವಣಾ ಅಪರಾಧವೆಂದು ಘೋಷಿಸಬೇಕೆಂದು 2015ರಲ್ಲಿ ಕಾನೂನು ಆಯೋಗವು ತನ್ನ 255ನೆಯ ವರದಿಯಲ್ಲಿ ಶಿಫಾರಸು ಮಾಡಿತು. ಆ ಕಾನೂನನ್ನು ಮಾಡಬೇಕಾದವರು ಚುನಾವಣೆಯನ್ನು ಗೆದ್ದು ಬಂದವರೇ. ಕಾನೂನು ಇನ್ನೂ ಆಗಿಲ್ಲ.

ವಾಹಿನಿಗಳ ಮಾತು ಬಂದುದರಿಂದ ನಮ್ಮ ರಾಜ್ಯದ 2019ರ ಮಳೆಗಾಲವು ನೆನಪಾಗುತ್ತದೆ. ಆ ಜುಲೈ ತಿಂಗಳಲ್ಲಿ ಆಳುವ ಮೈತ್ರಿಕೂಟದ ಶಾಸಕರನೇಕರು ರಾಜೀನಾಮೆ ಬರೆದುಕೊಟ್ಟು ಮುಂಬಯಿಯ ಹೋಟೆಲು ಸೇರಿದಾಗ, ಆ ಹೋಟೆಲಿನ ಮುಚ್ಚಿದ ಬಾಗಿಲನ್ನು ನಾವು ಹಗಲು ರಾತ್ರಿ ಮನೆಯಲ್ಲಿ ಕುಳಿತು ನೋಡಿದೆವು. ಸರ್ಕಾರ ಬಿತ್ತು. ಜುಲೈ 26ರಂದು ಬಿ. ಎಸ್. ಯಡಿಯೂರಪ್ಪನವರು ಒಬ್ಬರೇ ಪ್ರಮಾಣವಚನ ಸ್ವೀಕರಿಸಿದರು. ಸಂಪುಟ ರಚನೆಯಾದುದು ಆಗಸ್ಟ್ 20ರಂದು. ಈ ನಡುವಣ ದಿನಗಳಲ್ಲಿ ಕೃಷ್ಣೆಯೂ ಮಲಪ್ರಭೆ ಘಟಪ್ರಭೆಗಳೂ ಉಕ್ಕಿ, ಬೆಳಗಾವಿ ಬಾಗಲಕೋಟೆಗಳ ಕಡೆ ಊರಿಗೆ ಊರೇ ನೀರಿನಲ್ಲಿ ನಿಂತಾಗ, ಕಂದಾಯಕ್ಕೊಬ್ಬ, ನೀರಾವರಿಗೊಬ್ಬ ಎನ್ನುವಂತೆ ಮಂತ್ರಿಗಳೇ ರಾಜ್ಯಕ್ಕಿರಲಿಲ್ಲ. ಸಭಾಧ್ಯಕ್ಷ ಕೆ. ಆರ್. ರಮೇಶ ಕುಮಾರರು ಹದಿನೇಳು ಮಂದಿ ಶಾಸಕರನ್ನು ಅನರ್ಹಗೊಳಿಸಿದ್ದರು. ಅನರ್ಹತೆಯು ಸರಿಯೆಂದೂ, ಆದರೆ ಮತ್ತೆ ಸ್ಪರ್ಧಿಸದಂತೆ ತಡೆಯಲಾಗದೆಂದೂ ನವೆಂಬರ್ 13ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ ಹನ್ನೊಂದು ಮಂದಿ, ಈ ಬಾರಿ ಬೇರೆ ಪಕ್ಷದ ಚಿಹ್ನೆಯಲ್ಲಿ ಗೆದ್ದು ಬಂದರು. ಹತ್ತು ಮಂದಿ ಕೆಲವೇ ವಾರಗಳಲ್ಲಿ ಮಂತ್ರಿಗಳಾದರು. ಯಾರು ಯಾವ ವಿಮಾನದಲ್ಲಿ ಹೋದರು, ಹೋಟೆಲಿನಲ್ಲಿ ಏನು ಉಂಡರು ಎಂಬುದನ್ನೆಲ್ಲ ಬಲ್ಲ ನಮಗೆ, ಆ ಹೋಟೆಲಿನ ಬಿಲ್ಲನ್ನು ತೆತ್ತವರು ಯಾರೆಂಬುದನ್ನು ಮನಗಾಣಿಸುವಂಥ ವರದಿಯು ಎಷ್ಟು ಗಂಟೆ ಪ್ರಸಾರವಾಯಿತು ಎಂದು ಕೇಳಿಕೊಂಡರೆ ಉತ್ತರವು ಖೇದವನ್ನೇ ತರುವುದು. ರಾಜಕಾರಣಿಯನ್ನು ಕುರಿತ ಭ್ರಮನಿರಸನವನ್ನೂ ಮಾಧ್ಯಮವನ್ನು ಕುರಿತ ಭ್ರಮನಿರಸನವನ್ನೂ ನಾವು ಬೇರೆ ಬೇರೆಯಾಗಿ ಅನುಭವಿಸುತ್ತೇವೆ, ಆದರೆ ಅವು ಒಂದೇ ಗಾಯದ ಎರಡು ಅಂಚುಗಳು. ಕೇಳಬೇಕಾದವನು ಕೇಳದಿದ್ದುದರಿಂದಲೇ ಹೇಳಬೇಕಾದವನು ಹೇಳದೆ ಉಳಿದುಕೊಂಡನು.

ಹಿಂದಿನ ಕಾಲವೆಲ್ಲ ಸತ್ಯಯುಗವಾಗಿತ್ತೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಆದರೂ 1908ರಲ್ಲಿ ಮೈಸೂರು ಸರ್ಕಾರವು ವೃತ್ತಪತ್ರಿಕೆಗಳನ್ನು ಹದ್ದಿನಲ್ಲಿಡುವ ಕಾನೂನನ್ನು ತಂದಾಗ, ತಾತಯ್ಯನವರೆಂದೇ ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು, ಅಂಥ ಕಾನೂನಿನ ನೆರಳಿನಲ್ಲಿ ಬರೆಯುವುದಕ್ಕಿಂತ ಬರೆಯದಿರುವುದೇ ಮೇಲೆಂದು, ಎರಡು ದಶಕಗಳಿಂದ ನಡೆಸಿಕೊಂಡು ಬಂದ ‘ವೃತ್ತಾಂತ ಚಿಂತಾಮಣಿ’ಯನ್ನೇ ನಿಲ್ಲಿಸಿದರು. ತುರ್ತು ಪರಿಸ್ಥಿತಿಯ ಆರಂಭದಲ್ಲಿ, 1975ರ ಜೂನ್ 28ರಂದು, ‘ಇಂಡಿಯನ್ ಎಕ್ಸ್‌ಪ್ರೆಸ್’ ತನ್ನ ಸಂಪಾದಕೀಯದ ಜಾಗವನ್ನು ಬರಿದಾಗಿಯೇ ಬಿಟ್ಟು ಅಚ್ಚುಮಾಡಿತು. ಆ ಬರಿಯ ಜಾಗವನ್ನು ನೋಡಿದ ಓದುಗನಿಗೆ, ಇಲ್ಲಿ ಒಂದು ಮಾತಿತ್ತು, ಅದನ್ನು ಬಲಾತ್ಕಾರದಿಂದ ತೆಗೆಯಲಾಯಿತು ಎಂಬುದು ತಿಳಿಯಿತು. ದೊರೆಯ ಬೆದರಿಕೆಗೆ ಒಳಗಾದ ಪತ್ರಿಕೆಯು ತನ್ನ ಮೌನದಿಂದಲೇ ಓದುಗನೊಡನೆ ಮಾತನಾಡಬಲ್ಲುದು. ಹಣಕ್ಕೆ ಒಳಗಾದ ಪತ್ರಿಕೆಯಲ್ಲಿ ಬರಿಯ ಜಾಗವೆಂಬುದೇ ಇರುವುದಿಲ್ಲ, ಎಲ್ಲವೂ ತುಂಬಿರುತ್ತದೆ. ನಮ್ಮ ಪಂಡಿತರಿಗೆ ದಕ್ಕಿದಂತೆ ಒಂದು ಅಕ್ಷರದೋಷವಾದರೂ ದಕ್ಕಿದರೆ ಓದುಗನ ಪುಣ್ಯ.

ಪಂಡಿತರ “ಅವರೂ ಅಷ್ಟೆ, ಇವರೂ ಅಷ್ಟೆ” ಎಂಬ ಮಾತಿಗೆ ನಾನು ಒಪ್ಪದೆ ಹೋದುದು ಈ ಕಾರಣದಿಂದ. ಮಹಾರಾಷ್ಟ್ರದ ಪುಟಗಳನ್ನು ಒಂದೊಂದಾಗಿ ಹೋಲಿಸಿದವನು ಒಬ್ಬ ಪತ್ರಕರ್ತ. ಹೆಸರುಗಳನ್ನು ಬರೆದಿಟ್ಟವರು ಇಬ್ಬರು ಪತ್ರಕರ್ತರು. ಬಿಸೌಲಿಯ ಲೆಕ್ಕವನ್ನು ಪ್ರಶ್ನಿಸಿದವನು ಚುನಾವಣೆಗೆ ನಿಂತಿದ್ದ ಒಬ್ಬ ರಾಜಕಾರಣಿಯೇ. ಎಲ್ಲರೂ ಒಂದೇ ಎಂದುಬಿಟ್ಟರೆ ಈ ನಾಲ್ವರನ್ನೂ, ಅವರು ಯಾರ ವಿರುದ್ಧ ನಿಂತರೋ ಅವರನ್ನೂ ಒಂದೇ ಸಾಲಿನಲ್ಲಿ ಕೂರಿಸಿದಂತಾಗುವುದು. ಹಾಗೆ ಕೂರಿಸಿದುದರಿಂದ ಹಿಗ್ಗುವವನು ತಪ್ಪಿತಸ್ಥನೇ ಹೊರತು ಬೇರಾರೂ ಅಲ್ಲ. ಸಂದೇಹಪಡುವವನು ಲೆಕ್ಕ ಕೇಳುತ್ತಾನೆ, ಆಶೆಯನ್ನೇ ತೊರೆದವನು ಕೇಳುವುದನ್ನೂ ಬಿಡುತ್ತಾನೆ. ನಮ್ಮ ಜನದಲ್ಲಿ ಸಂದೇಹ ಬೆಳೆದಿರುವುದಕ್ಕೆ ನನಗೆ ಬೇಸರವಿಲ್ಲ. ಅದು ಇಷ್ಟು ಬೇಗ ನಿರಾಶೆಯಾಗಿ ಹೆಪ್ಪುಗಟ್ಟುತ್ತಿರುವುದನ್ನು ಕಂಡು ಮನಸ್ಸು ನೋಯುತ್ತದೆ.

ಇದನ್ನೆಲ್ಲ ಆ ದಿನ ಪಂಡಿತರ ಜಗುಲಿಯ ಮೇಲೆ ಕುಳಿತು ನಿಧಾನವಾಗಿ ಹೇಳಿದೆ. ಚುನಾವಣೆಯ ಕಾಲದಲ್ಲಿ ಪ್ರತಿ ಜಿಲ್ಲೆಯಲ್ಲಿಯೂ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿಯೊಂದು ಇರುತ್ತದೆ, ಸುದ್ದಿ ಬಂದ ಕೂಡಲೇ ಅವರಿಗೆ ದೂರಿತ್ತಿದ್ದರೆ ಅಭ್ಯರ್ಥಿಗೆ ನೋಟೀಸು ಹೋಗುತ್ತಿತ್ತು, ಆ ಕಾಲ ಈಗ ಮೀರಿದೆ ಎಂದೆ. ಆದರೆ ಫಲಿತಾಂಶದ ದಿನದಿಂದ 30 ದಿನಗಳೊಳಗೆ ಪ್ರತಿಯೊಬ್ಬ ಅಭ್ಯರ್ಥಿಯೂ ಜಿಲ್ಲಾ ಚುನಾವಣಾಧಿಕಾರಿಗೆ ವೆಚ್ಚದ ಲೆಕ್ಕವನ್ನು ಒಪ್ಪಿಸಬೇಕು. ಒಪ್ಪಿಸಿದ ಲೆಕ್ಕವನ್ನು, ಒಂದು ರೂಪಾಯಿ ಶುಲ್ಕ ಕಟ್ಟಿ, ಯಾರು ಬೇಕಾದರೂ ನೋಡಬಹುದೆಂದು ಚುನಾವಣಾ ನಿಯಮಗಳಲ್ಲಿದೆ. ಈ ಅರ್ಧ ಪುಟಗಳು ಜಾಹೀರಾತೆಂದು ಆ ಲೆಕ್ಕದಲ್ಲಿದ್ದರೆ, ಓದುಗನಿಗೆ ಸುಳ್ಳು ಹೇಳಿದುದು ಪತ್ರಿಕೆಗಳು. ಇಲ್ಲದಿದ್ದರೆ, ಹಣ ಕೈಬದಲಾದುದೇ ನಿಜವಾದ ಪಕ್ಷದಲ್ಲಿ, ಆಯೋಗಕ್ಕೆ ಸುಳ್ಳು ಹೇಳಿದುದು ಅಭ್ಯರ್ಥಿಯೂ ಹೌದು. ಅದನ್ನು ವಿಚಾರಿಸುವ ಅಧಿಕಾರವು ಆಯೋಗಕ್ಕಿದೆಯೆಂದು ದೇಶದ ಅತ್ಯುನ್ನತ ನ್ಯಾಯಾಲಯವೇ ಹೇಳಿದೆ.

ಪಂಡಿತರು ಕೇಳುತ್ತ ಕೇಳುತ್ತ ಎರಡು ಪತ್ರಿಕೆಗಳನ್ನೂ ಮಡಿಚಿದ್ದರು. ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ, ಫಲಿತಾಂಶದ ದಿನದಿಂದ ಬೆರಳು ಮಡಿಸುತ್ತ ಎಣಿಸಿದರು. ಮೂವತ್ತಕ್ಕೆ ಇನ್ನೂ ಆರು ದಿನ ಉಳಿದಿತ್ತು. ಒಳಗಿನಿಂದ ಕೆಂಪು ಪೆನ್ಸಿಲನ್ನು ತಂದು, ಎರಡು ಪತ್ರಿಕೆಗಳಲ್ಲಿಯೂ ಆ ಪದದ ಕೆಳಗೆ ಗೆರೆ ಎಳೆದು, ಅಂಚಿನಲ್ಲಿ ತಾರೀಖನ್ನೂ ಪುಟದ ಸಂಖ್ಯೆಯನ್ನೂ ದುಂಡಗೆ ಬರೆದರು. ಆಮೇಲೆ ನನ್ನ ಮುಖ ನೋಡಿ, ಜಿಲ್ಲಾ ಕಚೇರಿಗೆ ಬೆಳಗಿನ ಬಸ್ಸು ಎಷ್ಟು ಗಂಟೆಗೆಂದು ಕೇಳಿದರು.